ಸ್ಮಾರ್ಟ್ ನಗರದಲ್ಲಿ ಕೈಗೆಟುಕದ ಸ್ವಿಚ್ಚು

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯನ್ನು ಪ್ರಕಟಿಸಿದಾಗ ಕರ್ನಾಟಕದ ಎರಡೇ ಊರುಗಳು ಅದರಲ್ಲಿದ್ದವು: ಬೆಳಗಾವಿ ಮತ್ತು ದಾವಣಗೆರೆ. ರಾಜಧಾನಿ ಬೆಂಗಳೂರಿಗೂ ಆಗಿನ್ನೂ ಸಿಗದ ಮನ್ನಣೆ ಮಧ್ಯ ಕರ್ನಾಟಕದ ಊರೊಂದಕ್ಕೆ ದೊರಕಿತ್ತು. ಹತ್ತಿ ಗಿರಣಿಗಳ ಸದ್ದಡಗಿದ ಮೇಲೆ ಬೆಣ್ಣೆದೋಸೆ ಮತ್ತು ಕಾಲೇಜುಗಳ ಹೆಸರಿನಲ್ಲಿ ಗುರುತಿಸಿಕೊಳ್ಳುತ್ತಿದ್ದ ದಾವಣಗೆರೆಗೆ ಅದೊಂದು ಹೊಸ ಬಿರುದು. 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿ ಮುಗಿದಿದೆ. ರಸ್ತೆಗಳು, ಮಂಡಕ್ಕಿ ಭಟ್ಟಿ ಪ್ರದೇಶದ ಪುನರಭಿವೃದ್ಧಿ, ನಗರದ ಆಗುಹೋಗುಗಳನ್ನು ಒಂದೇ ಕೋಣೆಯಲ್ಲಿ ಕುಳಿತು ಗಮನಿಸುವ ನಿಯಂತ್ರಣ ಕೇಂದ್ರ ಇವುಗಳ ಸಾಧಕ ಬಾಧಕಗಳನ್ನು ಕುರಿತು ಬೇಕಾದಷ್ಟು ಚರ್ಚೆಯಾಗಿದೆ, ಇನ್ನೂ ಆಗಲಿ. ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಅದಲ್ಲ. ಒಂಬತ್ತು ವರ್ಷಗಳ ಕಾಲ ಈ ಊರಿನಲ್ಲಿ ಬೀದಿ, ಕಂಬ, ಚರಂಡಿ, ವೃತ್ತಗಳಿಗೆಲ್ಲ ಅಂಟಿಕೊಂಡ ‘ಸ್ಮಾರ್ಟ್’ ಎಂಬ ವಿಶೇಷಣವು ಅದು ಅತ್ಯಂತ ಅಗತ್ಯವಾಗಿದ್ದ ಜಾಗವನ್ನು, ಅಂದರೆ ತೀವ್ರ ಅಂಗವೈಕಲ್ಯವುಳ್ಳ ವ್ಯಕ್ತಿ ದಿನದ ಇಪ್ಪತ್ತನಾಲ್ಕು ಗಂಟೆಯನ್ನೂ ಕಳೆಯುವ ಮನೆಯ ಕೋಣೆಯನ್ನು, ಏಕೆ ಪ್ರವೇಶಿಸಲಿಲ್ಲ ಎಂಬುದು.

ಜಿಲ್ಲೆಯ ಚನ್ನಗಿರಿ ತಾಲ್ಲೂಕು ಅಡಿಕೆಯ ಸೀಮೆ. ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು ಅಡಿಕೆ, ತೆಂಗು ಬೆಳೆಯುವ ಎಲ್ಲ ಪ್ರದೇಶಗಳ ಆಸ್ಪತ್ರೆಗಳಿಗೆ ಚಿರಪರಿಚಿತರು. ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಪೆಟ್ಟು ಕುತ್ತಿಗೆಯ ಮಟ್ಟದಲ್ಲಾಗಿದೆ, ಕೈಕಾಲು ಆಡುವುದಿಲ್ಲ, ಮಾತು, ನೋಟ, ಬುದ್ಧಿ ಮೂರೂ ಚುರುಕಾಗಿವೆ. ಚಿಕಿತ್ಸೆಗೆ ಅನುಕೂಲವಾಗಲೆಂದು ಕುಟುಂಬವು ದಾವಣಗೆರೆಯಲ್ಲಿ ಬಾಡಿಗೆ ಮನೆ ಹಿಡಿದಿದೆ. ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾಳೆ, ಮಕ್ಕಳು ಶಾಲೆಗೆ. ಅವನ ಮಂಚದಿಂದ ಎಂಟಡಿ ದೂರದಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸ್ವಿಚ್ ಬೋರ್ಡು ಇದೆ. ಏಪ್ರಿಲ್ ತಿಂಗಳ ದಾವಣಗೆರೆಯ ಮಧ್ಯಾಹ್ನ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆನ್ನುಹುರಿಗೆ ಅಷ್ಟು ಮೇಲೆ ಪೆಟ್ಟಾದವರ ದೇಹವು ಗಾಯದ ಕೆಳಭಾಗದಲ್ಲಿ ಸರಿಯಾಗಿ ಬೆವರುವುದಿಲ್ಲ. ತನ್ನ ತಾಪವನ್ನು ತಾನೇ ಇಳಿಸಿಕೊಳ್ಳುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ನಮಗೆ ಫ್ಯಾನು ಒಂದು ಸೌಕರ್ಯ, ಅವನಿಗೆ ಅದು ಔಷಧಿಯಷ್ಟೇ ಅಗತ್ಯ. ಹನ್ನೊಂದು ಗಂಟೆಗೆ ಹೋದ ವಿದ್ಯುತ್ತು ಹನ್ನೆರಡಕ್ಕೆ ಬಂದರೂ, ಹೋಗುವಾಗ ಹೆಂಡತಿ ಮರೆತು ಆರಿಸಿದ್ದ ಫ್ಯಾನು ಸಂಜೆಯವರೆಗೆ ತಿರುಗುವುದಿಲ್ಲ.

ಈ ಎಂಟಡಿ ದೂರವನ್ನು ದಾಟಿಸುವ ತಂತ್ರಜ್ಞಾನ ಇಂದು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಅದೂ ನಾವೆಣಿಸಿದಷ್ಟು ದುಬಾರಿಯಲ್ಲದ ದರಕ್ಕೆ. ಸ್ವಿಚ್ ಬೋರ್ಡಿನ ಹಿಂಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ರಿಲೇ ಕೂಡಿಸಿದರೆ ಅದೇ ಸ್ವಿಚ್ಚು ಗೋಡೆಯಿಂದಲೂ ಕೆಲಸ ಮಾಡುತ್ತದೆ, ಮೊಬೈಲಿನಿಂದಲೂ ಮಾತಿನಿಂದಲೂ ಮಾಡುತ್ತದೆ. ಬೆಲೆ ಸಾವಿರ ರೂಪಾಯಿಯ ಆಸುಪಾಸು. ಮಾತು ಕೇಳಿಸಿಕೊಳ್ಳುವ ಪುಟ್ಟ ಸ್ಪೀಕರಿಗೆ ನಾಲ್ಕೈದು ಸಾವಿರ. ತಂತಿಯಿಲ್ಲದ ಕರೆಗಂಟೆ ಮುನ್ನೂರು ನಾನೂರಕ್ಕೆ ಬರುತ್ತದೆ. ಅಡುಗೆಮನೆಯಲ್ಲಿರುವ ತಾಯಿಯನ್ನು ಕರೆಯಲು ಕೂಗಲಾರದ ಮಗುವಿನ ಕೈಗೆ ಅದರ ಗುಂಡಿಯನ್ನು ಕೊಟ್ಟರೆ ಅದೇ ಆ ಮನೆಯ ಮೊದಲ ಸ್ಮಾರ್ಟ್ ಉಪಕರಣ. ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಬಂದ ಬಿಎಲ್‌ಡಿಸಿ ಫ್ಯಾನುಗಳ ಕಥೆಯಂತೂ ಸ್ವಾರಸ್ಯಕರ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಇವು 30ರ ಸುತ್ತಮುತ್ತ ಬಳಸುತ್ತವೆ ಎಂಬುದು ಜಾಹೀರಾತು. ಅದರ ಜೊತೆ ಬರುವ ರಿಮೋಟ್ ಹಾಸಿಗೆ ಹಿಡಿದವರಿಗೆ ಎಂಥ ವರವಾಯಿತೆಂದು ಯಾವ ಜಾಹೀರಾತೂ ಹೇಳಲಿಲ್ಲ. ಬೆರಳು ಸ್ವಲ್ಪವಾದರೂ ಆಡುವವರಿಗೆ ಆ ರಿಮೋಟೇ ಸಾಕು. ಒಟ್ಟಾರೆ ಹನ್ನೆರಡರಿಂದ ಹದಿನೈದು ಸಾವಿರ ರೂಪಾಯಿಯೊಳಗೆ ಒಂದು ಕೋಣೆಯ ದೀಪ, ಫ್ಯಾನು, ಟಿವಿ, ಕರೆಗಂಟೆ, ದೂರವಾಣಿಗಳನ್ನು ಮಂಚದ ಮೇಲಿರುವವನ ಅಧೀನಕ್ಕೆ ತರಬಹುದು.

ಈ ವಿದ್ಯೆ ಹುಟ್ಟಿದ್ದು ಶ್ರೀಮಂತರ ಬಂಗಲೆಗಳಲ್ಲಿ ಎಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ ಬೆನ್ನುಹುರಿ ಗಾಯಾಳುಗಳ ಚಿಕಿತ್ಸೆಗೆ ಹೆಸರಾದದ್ದು. 1960ರ ಸುಮಾರಿಗೆ ಅಲ್ಲಿಗೆ ರೋಗಿಗಳನ್ನು ನೋಡಲು ಬರುತ್ತಿದ್ದ ರೆಗ್ ಮೇಲಿಂಗ್ ಎಂಬಾತ, ಕೈಕಾಲು ಆಡದವರಿಗೆ ದಾದಿಯನ್ನು ಕರೆಯುವುದನ್ನು ಬಿಟ್ಟರೆ ಬೇರಾವ ಸ್ವಾತಂತ್ರ್ಯವೂ ಇಲ್ಲವೆಂಬುದನ್ನು ಗಮನಿಸಿದ. ಬಾಯಿಯಲ್ಲಿಟ್ಟ ಕೊಳವೆಯನ್ನು ಊದುವ ಅಥವಾ ಹೀರುವ ಮೂಲಕ ಗಂಟೆ, ದೀಪ, ರೇಡಿಯೊ, ದೂರವಾಣಿ, ಕಡೆಗೆ ಬೆರಳಚ್ಚು ಯಂತ್ರವನ್ನೂ ನಡೆಸಬಲ್ಲ ಉಪಕರಣವೊಂದು ಹೀಗೆ ರೂಪುಗೊಂಡಿತು. ಅದರ ಹೆಸರು ‘ಪೋಸಮ್’. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ನಾನು ಮಾಡಬಲ್ಲೆ’ ಎಂದರ್ಥ. 1960ರ ದಶಕದಲ್ಲೇ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯು ಅದನ್ನು ರೋಗಿಗಳ ಮನೆಗಳಿಗೆ ಒದಗಿಸತೊಡಗಿತು. ಹಾಸಿಗೆಯಲ್ಲಿದ್ದವನಿಗಾಗಿ ಹುಟ್ಟಿದ ಕಲ್ಪನೆ ದಶಕಗಳ ನಂತರ, ಸೋಫಾದಿಂದ ಏಳಲು ಬೇಸರಪಡುವವರ ಸರಕಾಗಿ ಮಾರುಕಟ್ಟೆಗೆ ಬಂದಿದೆ. ನಮ್ಮಲ್ಲಿಗೆ ತಲುಪಿರುವುದು ಈ ಎರಡನೆಯ ರೂಪ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜಾಹೀರಾತಿನಿಂದ ಇಳಿದು ದಾವಣಗೆರೆಯ ವಿದ್ಯಾನಗರದ ಹೊಸ ಮನೆಗಳವರೆಗೆ ಅದು ಬಂದಿದೆ. ನಿಜವಾಗಿ ಬೇಕಾದವನ ಮನೆಗೆ ಬಂದಿಲ್ಲ.

ಹೊಸತೆಲ್ಲವೂ ಉಪಕಾರಿಯೆಂದು ನಂಬುವಂತೆಯೂ ಇಲ್ಲ. ದೃಷ್ಟಿಹೀನ ಗೃಹಿಣಿಯೊಬ್ಬಳಿಗೆ ಹಳೆಯ ಮಿಕ್ಸಿಯ ತಿರುಗುಗುಂಡಿ, ವಾಷಿಂಗ್ ಮೆಷಿನ್ನಿನ ‘ಟಕ್’ ಎನ್ನುವ ಗುಬುಟು ಕಣ್ಣಿನ ಕೆಲಸವನ್ನೇ ಮಾಡುತ್ತಿದ್ದವು. ಈಗ ಇಂಡಕ್ಷನ್ ಒಲೆ, ಮೈಕ್ರೊವೇವ್, ವಾಷಿಂಗ್ ಮೆಷಿನ್, ನೀರಿನ ಫಿಲ್ಟರ್‌ಗಳೆಲ್ಲ ಕನ್ನಡಿಯಂಥ ನುಣುಪು ಗಾಜಿನ ಮುಖ ಹೊತ್ತು ಬರುತ್ತಿವೆ. ಬೆರಳಿಗೆ ಯಾವ ಗುರುತೂ ಸಿಗದು. ತಡವಿದರೆ ತಪ್ಪು ಗುಂಡಿ ಒತ್ತಿಹೋಗುತ್ತದೆ. ಸ್ಮಾರ್ಟ್ ಆದ ಯಂತ್ರವು ತನ್ನ ಮನೆಯಲ್ಲೇ ಅವಳನ್ನು ಪರಾವಲಂಬಿಯಾಗಿಸಿತು. ಇದಕ್ಕೆ ಮನೆಮನೆಗಳಲ್ಲಿ ಮಾಡಿಕೊಳ್ಳಬಹುದಾದ ಪರಿಹಾರ ಹಣೆಗಿಡುವ ಸ್ಟಿಕ್ಕರ್ ಬಿಂದಿ: ಆರಂಭದ ಗುಂಡಿಗೆ ಒಂದು, ನಿಲ್ಲಿಸುವ ಗುಂಡಿಗೆ ಎರಡು. ಹತ್ತು ರೂಪಾಯಿಯ ಬಿಂದಿ ಮಾಡುವ ಕೆಲಸವನ್ನು ನಲವತ್ತು ಸಾವಿರದ ಯಂತ್ರ ತಯಾರಿಸುವವರು ಕಾರ್ಖಾನೆಯಲ್ಲೇ ಮಾಡಿ ಕಳಿಸಬಹುದಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 43ನೇ ಕಲಮು, ಎಲ್ಲರೂ ಬಳಸಬಲ್ಲ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆ ಮತ್ತು ವಿತರಣೆಯನ್ನು ಸರ್ಕಾರ ಉತ್ತೇಜಿಸಬೇಕೆಂದು ಹೇಳುತ್ತದೆ. ‘ಉತ್ತೇಜಿಸಬೇಕು’ ಎಂಬ ಕ್ರಿಯಾಪದ ನಮ್ಮ ಕಾನೂನುಗಳಲ್ಲಿ ಏನೂ ಆಗದಿರುವುದಕ್ಕೆ ಕೊಡುವ ಗೌರವಯುತ ಹೆಸರು.

ಕಿವಿ ಕೇಳದವರ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಸ್ವಲ್ಪ ಆಶಾದಾಯಕ. ಕರೆಗಂಟೆ ಒತ್ತಿದಾಗ ದೀಪ ಮಿನುಗುವಂತೆ ಮಾಡುವುದು ಯಾವ ಎಲೆಕ್ಟ್ರಿಷಿಯನ್ನನಿಗೂ ಅರ್ಧ ಗಂಟೆಯ ಕೆಲಸ. ಮಗು ಅತ್ತರೆ, ಬಾಗಿಲು ಬಡಿದರೆ ಕಂಪಿಸಿ ತಿಳಿಸುವ, ಎದುರಿಗಿದ್ದವರ ಮಾತನ್ನು ಅಕ್ಷರಕ್ಕಿಳಿಸಿ ತೋರಿಸುವ ಸೌಲಭ್ಯಗಳು 2019–20ರಿಂದೀಚೆಗೆ ಸಾಮಾನ್ಯ ಆಂಡ್ರಾಯ್ಡ್ ಮೊಬೈಲುಗಳಿಗೇ ಬಂದಿವೆ. ಇವುಗಳಿಗೆ ಹಣ ಬೇಡ, ಹೇಳಿಕೊಡುವವರು ಬೇಕು.

ಮಾತಿಗೆ ಮಣಿಯುವ ಮನೆಯೆಂದರೆ ಯಾವ ಭಾಷೆಯ ಮಾತಿಗೆ ಎಂಬ ಪ್ರಶ್ನೆ ಏಳುತ್ತದೆ. ಅಮೆಜಾನ್‌ನ ಎಕೊ ಭಾರತಕ್ಕೆ ಬಂದದ್ದು 2017ರಲ್ಲಿ, ಇಂಗ್ಲಿಷಿನೊಂದಿಗೆ. ಹಿಂದಿಯನ್ನು ಅದು 2019ರಲ್ಲಿ ಕಲಿಯಿತು. ಕನ್ನಡ ಬಂದದ್ದು ಮುಖ್ಯವಾಗಿ ಮೊಬೈಲಿನ ದಾರಿಯಿಂದ. ಆದ್ದರಿಂದ ದಾವಣಗೆರೆಯ ಮನೆಯೊಂದರಲ್ಲಿ ಅಜ್ಜಿ ತನ್ನ ಕೋಣೆಯ ದೀಪಕ್ಕೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಬೇಕು. ಕನ್ನಡ ಬಂದರೂ ಸಮಸ್ಯೆ ತೀರುವುದಿಲ್ಲ. ಉತ್ತರ ದಕ್ಷಿಣಗಳು ಸಂಧಿಸುವ ಈ ಸೀಮೆಯಲ್ಲಿ ಲೈಟು ‘ಹಾಕು’ ಎನ್ನುವವರಿದ್ದಾರೆ, ‘ಹಚ್ಚು’ ಎನ್ನುವವರಿದ್ದಾರೆ. ‘ಆರಿಸು’, ‘ತೆಗಿ’, ‘ಬಂದ್ ಮಾಡು’ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಪಾರ್ಶ್ವವಾಯುವಿನಿಂದ ನಾಲಗೆ ತೊದಲುವವರ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಉಚ್ಚಾರಣೆಯನ್ನು ಗುರುತಿಸುವುದಂತೂ ಇಂಗ್ಲಿಷಿನಲ್ಲೇ ಇನ್ನೂ ಸಂಶೋಧನೆಯ ವಸ್ತು. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಮನೆಯನ್ನು ನಡೆಸಲು ನಿಘಂಟು ಬೇಕಿಲ್ಲ, ಹತ್ತು ಹನ್ನೆರಡು ಪದಗಳು ಸಾಕು. ಆ ವ್ಯಕ್ತಿ ಹೇಗೆ ಉಚ್ಚರಿಸುತ್ತಾನೋ ಹಾಗೆಯೇ ಅವನ ದನಿಯನ್ನು ಹತ್ತಾರು ಬಾರಿ ಮುದ್ರಿಸಿ, ಅದನ್ನಷ್ಟೇ ಗುರುತಿಸುವಂತೆ ಸಣ್ಣದೊಂದು ಸಾಧನವನ್ನು ಪಳಗಿಸುವುದು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅಸಾಧ್ಯವಲ್ಲ. 2022ರಲ್ಲಿ ಆರಂಭವಾದ ಕೇಂದ್ರದ ‘ಭಾಷಿಣಿ’ ಯೋಜನೆಯಿಂದ, ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡದ ಕೆಲಸದಿಂದ ಕನ್ನಡದ ದನಿಯನ್ನು ಗುರುತಿಸುವ ತಂತ್ರಾಂಶಗಳು ಮುಕ್ತವಾಗಿ ಸಿಗುವಂತಾಗಿವೆ. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆಯು ‘ನಮ್ಮ ವಾಣಿ’ ಎಂಬ ದೂರವಾಣಿ ಆಧಾರಿತ ಸೇವೆಯ ಮೂಲಕ, ಸ್ಮಾರ್ಟ್‌ಫೋನೇ ಇಲ್ಲದ ಅಂಗವಿಕಲರನ್ನು ಕನ್ನಡದ ದನಿಯಲ್ಲೇ ಒಂದುಗೂಡಿಸಿ ತೋರಿಸಿದೆ. ದನಿಗೆ ಅಕ್ಷರದ ಹಂಗಿಲ್ಲವೆಂಬುದನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಕೆಲಸವಿದು.

ಇನ್ನೊಂದು ತೊಡಕು ನಮ್ಮೂರಿನ ಕರೆಂಟಿನದು. ಈ ಉಪಕರಣಗಳಲ್ಲಿ ಬಹುಪಾಲು, ಮಾತನ್ನು ದೂರದ ಯಾವುದೋ ದೇಶದ ಗಣಕಕ್ಕೆ ಕಳಿಸಿ ಅಲ್ಲಿಂದ ಉತ್ತರ ಬಂದ ಮೇಲೆ ನಿಮ್ಮ ತಲೆಯ ಮೇಲಿನ ಫ್ಯಾನನ್ನು ತಿರುಗಿಸುತ್ತವೆ. ಮಂಚದಿಂದ ಗೋಡೆಗೆ ಎಂಟಡಿ ದಾಟಲು ಸಾವಿರಾರು ಮೈಲಿ ಸುತ್ತಿಬರುವ ವಿಚಿತ್ರ ಪ್ರಯಾಣ ಅದು. ಇಂಟರ್‌ನೆಟ್ ನಿಂತಿತೋ, ಫ್ಯಾನೂ ನಿಂತಿತು. ಬಡಾವಣೆಗೆ ಕರೆಂಟು ಹೋದರೆ ವೈಫೈ ಪೆಟ್ಟಿಗೆಯೂ ಸಾಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಆ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿರುವುದಿಲ್ಲ. ಆರೋಗ್ಯವಂತನಿಗೆ ಇದು ಕಿರಿಕಿರಿ, ಏಳಲಾರದವನಿಗೆ ಅಪಾಯ. ಆದ್ದರಿಂದ ಅಂಗವಿಕಲರ ಮನೆಗೆ ಉಪಕರಣ ಆರಿಸುವವರು ಅಂಗಡಿಯವನನ್ನು ಮೂರು ಪ್ರಶ್ನೆ ಕೇಳಲೇಬೇಕು. ಇಂಟರ್‌ನೆಟ್ ಇಲ್ಲದೆಯೂ ಮನೆಯೊಳಗೆ ಇದು ನಡೆಯುತ್ತದೆಯೇ? ಕರೆಂಟು ಹೋಗಿ ಬಂದಾಗ ಇದು ಮೊದಲಿದ್ದ ಸ್ಥಿತಿಗೆ ತಾನೇ ಮರಳುತ್ತದೆಯೇ? ಗೋಡೆಯ ಹಳೆಯ ಸ್ವಿಚ್ಚು ಎಂದಿನಂತೆ ಕೆಲಸ ಮಾಡುತ್ತದೆಯೇ? ಮೂರಕ್ಕೂ ‘ಹೌದು’ ಎನ್ನುವ ಸರಕುಗಳಿವೆ. ಅವು ಹೆಚ್ಚು ದುಬಾರಿಯೂ ಅಲ್ಲ. ಕೇಳುವವರಿಲ್ಲದ ಕಾರಣ ಅಂಗಡಿಯ ಮುಂಭಾಗಕ್ಕೆ ಬಂದಿಲ್ಲ, ಅಷ್ಟೆ.

ಗೋಡೆಯ ಮಾತು ಬಂದ ಮೇಲೆ ಮನೆಯ ಮಾತನ್ನೂ ಆಡಬೇಕು. ಎರಡಡಿ ಎತ್ತರದ ತಳಪಾಯದ ಮೇಲೆ ಮನೆ ಕಟ್ಟುವುದು, ಬಾಗಿಲಿಗೆ ಹೊಸ್ತಿಲಿಡುವುದು, ಬಚ್ಚಲಿನ ಬಾಗಿಲನ್ನು ಎರಡೂವರೆ ಅಡಿಗೆ ಸೀಮಿತಗೊಳಿಸುವುದು ನಮ್ಮ ರೂಢಿ. ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಇಳಿಜಾರು ಮಾಡಬೇಕೆಂಬ ಮಾನದಂಡದಂತೆ ಎರಡಡಿ ಏರಲು ಇಪ್ಪತ್ತನಾಲ್ಕು ಅಡಿ ಉದ್ದದ ರ‍್ಯಾಂಪ್ ಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಅಷ್ಟು ಜಾಗ ಎಲ್ಲಿದೆ? ಗಾಲಿಕುರ್ಚಿ ಸರಾಗವಾಗಿ ದಾಟಲು ಬಾಗಿಲಿನ ಅಗಲ 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರಡಿ ಇರಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಬಚ್ಚಲಿಗೆ ಹೋಗಲಾಗದವನಿಗೆ ಮಾತಿನಿಂದ ಬಣ್ಣ ಬದಲಿಸುವ ಬಲ್ಬು ಕೊಡುವುದು ಅಣಕದಂತೆ ಕಾಣುತ್ತದೆ. ಬಾಡಿಗೆದಾರರ ಪಾಡು ಇನ್ನೂ ಕಷ್ಟ. ಗೋಡೆಗೆ ಮೊಳೆ ಹೊಡೆದರೆ ಮುನಿಸಿಕೊಳ್ಳುವ ಮನೆಯ ಮಾಲೀಕರು ಬಾಗಿಲು ಅಗಲಿಸಲು ಒಪ್ಪುವರೇ? ಸ್ವಿಚ್ಚಿನ ಹಿಂದೆ ಕೂರುವ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದಾದ ರಿಲೇಗಳ ಬೆಲೆ ತಿಳಿಯುವುದು ಇಂಥ ಕಡೆ.

ನಮ್ಮ ಕಾನೂನಿನ ಕೈ ಕೂಡ ಮನೆಯ ಗೇಟಿನ ಬಳಿಯೇ ನಿಲ್ಲುತ್ತದೆ. 2016ರ ಕಾಯ್ದೆಯು ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳಲ್ಲಿ ಸುಗಮಗೊಳಿಸಬೇಕೆಂದಿತು. 2017ರ ಜೂನ್‌ನಲ್ಲಿ ನಿಯಮಗಳು ಬಂದವು. ಗಡುವು 2022ಕ್ಕೆ ಕಳೆಯಿತು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಆ ನಿಯಮಗಳ 15(1)ನೇ ಉಪನಿಯಮವು ಕೇವಲ ಸಲಹೆಯ ರೂಪದಲ್ಲಿದ್ದು ಕಾಯ್ದೆಯ ಆಶಯಕ್ಕೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ ಹೇಳಿತು. ಎರಡೂ ಮಹತ್ವದ ತೀರ್ಪುಗಳೇ. ಆದರೆ ಇವು ಬ್ಯಾಂಕು, ಕಚೇರಿ, ರೈಲು ನಿಲ್ದಾಣಗಳ ಬಾಗಿಲನ್ನು ತೆರೆಯುತ್ತವೆ. ಆ ಬಾಗಿಲಿನವರೆಗೆ ಹೋಗಲು ಮೊದಲು ಮನೆಯಿಂದ ಹೊರಬರಬೇಕಾದವನ ಮಂಚದ ಬಳಿಗೆ ಬರುವುದಿಲ್ಲ. ವಸತಿ ಯೋಜನೆಗಳಲ್ಲಿ ಅಂಗವಿಕಲರಿಗೆ ಶೇ 5ರಷ್ಟು ಮೀಸಲು ಕೊಡುವ 37ನೇ ಕಲಮು ಇದೆಯಾದರೂ ಅದು ಮನೆಯನ್ನು ಕೊಡುವ ಮಾತಾಡುತ್ತದೆಯೇ ಹೊರತು ಆ ಮನೆಯ ಸ್ವಿಚ್ಚು ಎಷ್ಟು ಎತ್ತರದಲ್ಲಿರಬೇಕೆಂದು ವಿಚಾರಿಸುವುದಿಲ್ಲ.

ಹಣದ ಲೆಕ್ಕಕ್ಕೆ ಬಂದರೂ ಇದೇ ಕಥೆ. 1981ರಿಂದ ನಡೆಯುತ್ತಿರುವ ಕೇಂದ್ರದ ‘ಅಡಿಪ್’ ಯೋಜನೆ ಲಕ್ಷಾಂತರ ಜನರಿಗೆ ಸಾಧನ ಸಲಕರಣೆ ಒದಗಿಸಿದೆ. ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಕೃತಕ ಕಾಲು, ಶ್ರವಣ ಸಾಧನ, ಸ್ಮಾರ್ಟ್ ಕೇನ್ ಹೀಗೆ ಅದರ ದೃಷ್ಟಿಯೆಲ್ಲ ದೇಹಕ್ಕೆ ತೊಡಿಸುವ ಅಥವಾ ದೇಹವನ್ನು ಒಯ್ಯುವ ವಸ್ತುಗಳ ಮೇಲೆ. ದೇಹದ ಸುತ್ತಣ ಕೋಣೆಯನ್ನು ಬದಲಿಸುವ ವಸ್ತುಗಳು ಆ ಕಲ್ಪನೆಯೊಳಗೆ ಬಂದಿಲ್ಲ. ತೆರಿಗೆಯ ಕಣ್ಣಿಗೂ ಗಾಲಿಕುರ್ಚಿ ಒಂದು ಸಾಧನ, ಅದಕ್ಕೆ ಶೇ 5ರ ಜಿಎಸ್‌ಟಿ. ಅದೇ ಗಾಲಿಕುರ್ಚಿಯಲ್ಲಿ ಕುಳಿತವನು ಬಳಸುವ ಸ್ಮಾರ್ಟ್ ಸ್ವಿಚ್ಚು ಸಾಮಾನ್ಯ ವಿದ್ಯುತ್ ಸರಕು, ಅದಕ್ಕೆ ಶೇ 18. ಇಂಗ್ಲೆಂಡಿನಲ್ಲಿ ಮನೆಯನ್ನು ಮಾರ್ಪಡಿಸಿಕೊಳ್ಳಲು ಅಂಗವಿಕಲರಿಗೆ ಸ್ಥಳೀಯ ಸಂಸ್ಥೆಯು 30,000 ಪೌಂಡ್‌ಗಳವರೆಗೆ ಅನುದಾನ ಕೊಡುವ ಕಾನೂನುಬದ್ಧ ವ್ಯವಸ್ಥೆಯಿದೆ. ಆದಾಯದ ಪರಿಶೀಲನೆಯ ನಂತರ ಅದು ಸಿಗುತ್ತದೆ. ಅಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ಸ್ಥಳೀಯ ಸಂಸ್ಥೆಯೇ ಕೊಡಬೇಕೆಂಬ ವಿಚಾರಕ್ಕೆ ಬೇಕಾದ ಅಡಿಪಾಯ ನಮ್ಮಲ್ಲಿ ಆಗಲೇ ಇದೆ.

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ದಾವಣಗೆರೆ ಮಹಾನಗರ ಪಾಲಿಕೆಗೂ ಹರಿಹರ ನಗರಸಭೆಗೂ ಇದು ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿಗಳಿಗೂ ಇಂಥದೇ ನಿಯಮವಿದೆ. ಈ ಹಣದಲ್ಲಿ ಹೆಚ್ಚುವರಿ ಚಕ್ರಗಳ ಸ್ಕೂಟರ್ ವಿತರಣೆ ಎಲ್ಲ ಊರುಗಳಲ್ಲೂ ಜನಪ್ರಿಯ. ಸಾಲಾಗಿ ನಿಂತ ವಾಹನಗಳು, ಹಾರ, ಕೀಲಿಕೈ ಹಸ್ತಾಂತರ ಎಲ್ಲವೂ ಛಾಯಾಚಿತ್ರಕ್ಕೆ ಚೆನ್ನ. ಸ್ಕೂಟರ್ ಬೇಡವೆಂದು ಯಾರೂ ಹೇಳಲಾರರು. ಅದರಿಂದ ಉದ್ಯೋಗ ಕಂಡುಕೊಂಡವರು ಅನೇಕರಿದ್ದಾರೆ. ಆದರೆ ಸ್ಕೂಟರ್ ಓಡಿಸಬಲ್ಲವನು ಸಮಾರಂಭಕ್ಕೆ ಬರಬಲ್ಲವನೂ ಹೌದು, ಕಚೇರಿಗೆ ಅಲೆಯಬಲ್ಲವನೂ ಹೌದು. ಮಂಚ ಬಿಟ್ಟೇಳಲಾರದವನು ಅರ್ಜಿಯ ಸಾಲಿನಲ್ಲೂ ಇರುವುದಿಲ್ಲ, ಛಾಯಾಚಿತ್ರದಲ್ಲೂ ಇರುವುದಿಲ್ಲ. ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸಿನ ಮಾಸಾಶನದಲ್ಲಿ ಹದಿನೈದು ಸಾವಿರ ಉಳಿಸಿ ಅವನೇ ಉಪಕರಣ ಕೊಳ್ಳಲಿ ಎನ್ನುವುದು ಕ್ರೌರ್ಯವೇ ಸರಿ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರನ್ನು ಗುರುತಿಸಲಾಗಿತ್ತು. ಅವರಲ್ಲಿ ಎಷ್ಟು ಜನ ತಮ್ಮ ಕೋಣೆಯ ದೀಪವನ್ನು ತಾವೇ ಹಚ್ಚಿಕೊಳ್ಳಬಲ್ಲರು ಎಂಬುದು ಗಣತಿಯ ಪ್ರಶ್ನೆಯಾಗಿರಲಿಲ್ಲ.

ಇಲ್ಲಿ ಹರಿಹರವನ್ನು ನೆನೆಯಬೇಕು. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಕಾಲು ಗಂಟೆಯ ದಾರಿಯ ಈ ಊರನ್ನು ಹೊರಗಿನವರು ಹದಿಮೂರನೆಯ ಶತಮಾನದ ಹೊಯ್ಸಳರ ಹರಿಹರೇಶ್ವರ ದೇವಾಲಯದಿಂದ ಬಲ್ಲರು. ಒಳಗಿನವರು ಲೇತ್ ಯಂತ್ರದಿಂದ ಬಲ್ಲರು. 1941ರಲ್ಲಿ ತುಂಗಭದ್ರೆಯ ದಡದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹಲವು ತಲೆಮಾರುಗಳ ಟರ್ನರ್, ಫಿಟ್ಟರ್‌ಗಳನ್ನು ತಯಾರು ಮಾಡಿತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಮುಚ್ಚಿದಾಗ ಊರು ಕಳೆದುಕೊಂಡದ್ದು ಸಂಬಳವನ್ನು, ಕೈಯ ವಿದ್ಯೆಯನ್ನಲ್ಲ. ಸ್ಮಾರ್ಟ್ ಮನೆಗೂ ಲೇತಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅಂಗವಿಕಲರ ಉಪಕರಣದಲ್ಲಿ ವಿದ್ಯುನ್ಮಾನದ ಪಾಲು ಅರ್ಧ ಮಾತ್ರ. ಉಳಿದರ್ಧ, ಆ ನಿರ್ದಿಷ್ಟ ದೇಹಕ್ಕೆ ಹೊಂದುವ ಹಿಡಿಕೆ, ಕೊಕ್ಕೆ, ಸನ್ನೆ, ಚೌಕಟ್ಟು. ಗದ್ದದಿಂದ ಒತ್ತಬೇಕಾದ ಗುಂಡಿ ಗಾಲಿಕುರ್ಚಿಯ ಯಾವ ಕಡೆ, ಎಷ್ಟು ಅಂಗುಲ ಮೇಲೆ, ಯಾವ ಕೋನದಲ್ಲಿರಬೇಕು? ಮೊಣಕೈಯಿಂದ ತೆರೆಯುವ ಬಾಗಿಲ ಚಿಲಕಕ್ಕೆ ಎಷ್ಟು ಉದ್ದದ ಸನ್ನೆ ಬೇಕು? ಇವನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಲಾಗದು. ಒಬ್ಬೊಬ್ಬರ ಮಂಚದ ಬಳಿ ಕುಳಿತು ಅಳತೆ ತೆಗೆದು, ಮಾಡಿ, ತಂದು ಕೂಡಿಸಿ, ಸರಿಯಾಗದಿದ್ದರೆ ಮತ್ತೆ ಉಜ್ಜಿ ತರಬೇಕು. ಹರಿಹರದ ಸಣ್ಣ ವರ್ಕ್‌ಶಾಪುಗಳಿಗೆ ಒಗ್ಗಿದ ಕೆಲಸವೆಂದರೆ ಇದೇ.

ಜ್ಞಾನದ ಕೊರತೆಯೂ ಈ ಜಿಲ್ಲೆಗಿಲ್ಲ. ದಾವಣಗೆರೆಯಲ್ಲಿ 1951ರಷ್ಟು ಹಿಂದೆಯೇ ಆರಂಭವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜುಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಕಲಚೇತನರ ಕೌಶಲ, ಪುನರ್ವಸತಿ ಮತ್ತು ಸಬಲೀಕರಣಕ್ಕಾಗಿ ಕೇಂದ್ರ ಸರ್ಕಾರ ಸ್ಥಾಪಿಸಿರುವ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಜನ ಅದನ್ನು ಸಿಆರ್‌ಸಿ ಎಂದೇ ಕರೆಯುತ್ತಾರೆ. ಹೀಗೆ ಎಲ್ಲವೂ ಇರುವ ಊರುಗಳು ಕಡಿಮೆ. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ‘ಧ್ವನಿ ನಿಯಂತ್ರಿತ ಗಾಲಿಕುರ್ಚಿ’, ‘ಅಂಗವಿಕಲರಿಗಾಗಿ ಮನೆಯ ಸ್ವಯಂಚಾಲನೆ’ ಎಂಬ ಶೀರ್ಷಿಕೆಗಳು ರಾಜ್ಯದಾದ್ಯಂತ ಕಾಣಸಿಗುತ್ತವೆ. ಪ್ರದರ್ಶನದ ದಿನ ದೀಪ ಹತ್ತುತ್ತದೆ, ಅಂಕ ಬರುತ್ತದೆ, ಆಮೇಲೆ ಆ ಸರ್ಕ್ಯೂಟು ಪ್ರಯೋಗಾಲಯದ ಕಪಾಟು ಸೇರುತ್ತದೆ. ಮಾಡಿದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಅದನ್ನು ಬಳಸಬೇಕಾದವರನ್ನು ಒಮ್ಮೆಯೂ ಭೇಟಿಯಾಗಿರುವುದಿಲ್ಲ. ಅಂಕಪಟ್ಟಿಗೆ ಒಂದು ಷರತ್ತು ಸೇರಿಸಿದರೆ ಸಾಕು: ಉಪಕರಣವು ನಿಜವಾದ ಮನೆಯೊಂದರಲ್ಲಿ ಮೂರು ತಿಂಗಳು ಕೆಲಸ ಮಾಡಿರಬೇಕು.

ಎಚ್ಚರಿಕೆಯ ಮಾತೊಂದಿದೆ. ಮನೆ ಮಾತು ಕೇಳುತ್ತದೆ ಎಂದರೆ ಮನೆ ಕದ್ದು ಕೇಳುತ್ತದೆ ಎಂದೂ ಆಗಬಹುದು. ಉಪಕರಣದ ಖಾತೆ ಮತ್ತು ಪಾಸ್‌ವರ್ಡು ಯಾರ ಮೊಬೈಲಿನಲ್ಲಿದೆಯೋ ಮನೆಯ ಒಡೆತನ ಅವರದೇ. ನಮ್ಮ ಕುಟುಂಬಗಳಲ್ಲಿ ಅದು ಸಾಮಾನ್ಯವಾಗಿ ಅಣ್ಣನದೋ ಮಗನದೋ ಆಗಿರುತ್ತದೆ. ‘ಅಕ್ಕ ಬಿದ್ದುಗಿದ್ದಾಳು’ ಎಂಬ ಕಾಳಜಿಯಿಂದ ಕೋಣೆಯಲ್ಲಿಟ್ಟ ಕ್ಯಾಮೆರಾ, ಅವಳು ಬಟ್ಟೆ ಬದಲಿಸುವುದನ್ನೂ ಯಾರ ಜೊತೆ ಮಾತಾಡಿದಳೆಂಬುದನ್ನೂ ನೋಡುತ್ತಿರುತ್ತದೆ. ಬಿದ್ದದ್ದನ್ನು ತಿಳಿಸಲು ಕ್ಯಾಮೆರಾ ಬೇಕಿಲ್ಲ. ಚಿತ್ರ ತೆಗೆಯದ ಸಂವೇದಕಗಳು, ಕತ್ತಿಗೆ ತೂಗುಹಾಕಿಕೊಳ್ಳುವ ಗುಂಡಿಗಳು ಇವೆ. ಸರ್ಕಾರದ ಹಣದಲ್ಲಿ ಕೊಡುವ ಯಾವುದೇ ಉಪಕರಣದ ಪಾಸ್‌ವರ್ಡು ಅದನ್ನು ಬಳಸುವ ವ್ಯಕ್ತಿಯದೇ ಆಗಿರಬೇಕು. ಬೌದ್ಧಿಕ ಅಂಗವೈಕಲ್ಯವಿದ್ದಲ್ಲಿ ಮಾತ್ರ ವಿವೇಚನೆಯಿಂದ ಬೇರೆ ಏರ್ಪಾಡು ಮಾಡಬಹುದು.

ಯಂತ್ರ ಮಾಡಲಾಗದ ಕೆಲಸಗಳೂ ಇವೆ. ಬೆನ್ನುಹುರಿ ಗಾಯಾಳುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಏಳುತ್ತದೆ, ಅದು ಕೊಳೆತರೆ ಪ್ರಾಣಕ್ಕೇ ಕುತ್ತು. ಆ ಕೆಲಸವನ್ನು ಹೆಂಡತಿಯೋ ತಾಯಿಯೋ ಹಗಲಿರುಳು ಮಾಡುತ್ತಾರೆ, ತಮ್ಮ ಬೆನ್ನು ಮುರಿಯುವವರೆಗೆ. ಸ್ಪೀಕರು ಅವರ ಬದಲಿಗೆ ಬರುವುದಿಲ್ಲ. ‘ಫ್ಯಾನು ಹಾಕು, ಟಿವಿ ಆರಿಸು, ನೀರು ಕೊಡು, ಬಾಗಿಲು ನೋಡು’ ಎಂದು ದಿನಕ್ಕೆ ಐವತ್ತು ಸಲ ಕರೆಯುವುದರಲ್ಲಿ ನಲವತ್ತು ಕಡಿಮೆಯಾದರೆ ಅವರಿಗೆ ಸಿಗುವುದು ಒಂದಿಷ್ಟು ನಿದ್ದೆ; ಕರೆಯುವವನಿಗೆ ಸಿಗುವುದು, ಪ್ರತಿ ಸಲವೂ ಬೇಡಬೇಕಾಗಿಲ್ಲವೆಂಬ ಸಮಾಧಾನ. ಇವೆರಡನ್ನು ಅಳೆಯುವ ಮಾಪಕ ಯಾವ ಯೋಜನಾ ವರದಿಯಲ್ಲೂ ಇಲ್ಲ.

ಆರಂಭಿಸಲು ಹೊಸ ಇಲಾಖೆ ಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರೇ ಆಗಿರುವ ಪುನರ್ವಸತಿ ಕಾರ್ಯಕರ್ತರು ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದಾರೆ. ಮಂಚ ಬಿಟ್ಟೇಳದವರು ಯಾವ ಮನೆಯಲ್ಲಿದ್ದಾರೆಂದು ಅವರಿಗೆ ಗೊತ್ತು. ನಗರದ ವಾರ್ಡುಗಳಿಗೂ ಅಂಥ ಪಟ್ಟಿ ಮಾಡುವುದು ಕಷ್ಟವಲ್ಲ. ಸಿಆರ್‌ಸಿಯ ಚಿಕಿತ್ಸಕರು ಮನೆಗೆ ಹೋಗಿ ಯಾರಿಗೆ ಏನು ಬೇಕೆಂದು ಬರೆದುಕೊಡಲಿ; ಅಲ್ಲಿಯೇ ಒಂದು ಕೋಣೆಯನ್ನು ಮಂಚ, ಬಚ್ಚಲು, ಸ್ವಿಚ್ಚುಗಳ ಸಮೇತ ಮಾದರಿ ಮನೆಯಾಗಿ ಸಜ್ಜುಗೊಳಿಸಿದರೆ ಕುಟುಂಬದವರು ಕೊಳ್ಳುವ ಮೊದಲು ಬಳಸಿ ನೋಡಬಹುದು. ಕಾಲೇಜು ಹುಡುಗರು ದನಿಯನ್ನು ಪಳಗಿಸಲಿ, ಹರಿಹರದ ಫಿಟ್ಟರ್ ಸನ್ನೆಯನ್ನು ಕಡೆದು ಕೊಡಲಿ, ಬಡಾವಣೆಯ ಎಲೆಕ್ಟ್ರಿಷಿಯನ್ನನಿಗೆ ಒಂದು ವಾರದ ತರಬೇತಿ ಕೊಟ್ಟು ದುರಸ್ತಿಯ ಹೊಣೆ ಒಪ್ಪಿಸಲಿ. ಖರ್ಚು ಶೇ 5ರ ನಿಧಿಯಿಂದ ಬರಲಿ. ಹೆಚ್ಚುವರಿ ಚಕ್ರಗಳ ಒಂದು ಸ್ಕೂಟರಿಗೆ ಇಂದು ಲಕ್ಷ ರೂಪಾಯಿಯ ಆಸುಪಾಸು ತಗಲುತ್ತದೆ. ಅಷ್ಟರಲ್ಲಿ ಆರು ಕೋಣೆಗಳು ಸಜ್ಜಾಗುತ್ತವೆ, ಒಂದಿಷ್ಟು ದುರಸ್ತಿಗೂ ಉಳಿಯುತ್ತದೆ. ಮೊದಲ ವರ್ಷ ಎರಡೂ ಊರುಗಳಲ್ಲಿ ಸೇರಿ ಅರವತ್ತು ಮನೆಗಳೆಂದು ಇಟ್ಟುಕೊಂಡರೂ ಹತ್ತು ಸ್ಕೂಟರುಗಳ ಹಣ ಸಾಕು.